ಯಾರ ಚಿತ್ತ

ಕೃಪಾ ತಾಯಿಯ ಗದ್ದವನ್ನು ಎಡಗೈಯಲ್ಲಿ ಹಿಡಿದು, ಬಲಗೈ ಬೆರಳಿನಿಂದ ದವಡೆಯ ಮೇಲೆ ಕ್ರೀಮ್ ಒತ್ತುತ್ತಿದ್ದಳು. ನ್ಯೂಯಾರ್ಕಿನ ಬಳಿಯ ಎಡಿಸನ್ ಊರಿನ ಫ್ಯೂನರಲ್ ಹೋಮಿನ ರೆಸ್ಟ್‌ರೂಮಿನ ಬಿಳಿ ದೀಪದಲ್ಲಿ, ಎಷ್ಟು ಬಳಿದರೂ ನೀಲಿ ಕಲೆ ಮುಚ್ಚುತ್ತಿರಲಿಲ್ಲ.

“ಅಮ್ಮಾ, ಅಲ್ಲಾಡಬೇಡ. ಆಲ್ಮೋಸ್ಟ್ ಡನ್.”

“ಬಿಡವಾ, ಕಂಡ್ರ ಕಾಣಲಿ.”

“ಪ್ಲೀಸ್, ಇವತ್ತೊಂದಿನ. ಎಲ್ಲರೂ ಅಪ್ಪನ್ನ ನೋಡೋಕೆ ಬಂದಿದ್ದಾರೆ.”

ಸುಗುಣಾ ಕಣ್ಣು ಮುಚ್ಚಿ ಮುಖ ಒಡ್ಡಿದಳು. ಆ ಹೊಡೆತ ಬಿದ್ದದ್ದು ಶನಿವಾರ ಬೆಳಿಗ್ಗೆ. ಹೊಡೆದ ಗಂಡ ಪ್ರಭಾಕರ ಸತ್ತದ್ದೂ ಅದೇ ಬೆಳಿಗ್ಗೆ.

ಹೊರಗಿನ ಹಾಲ್‌ನಲ್ಲಿ ಶವಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಇಪ್ಪತ್ತು ವರ್ಷ ಪ್ರಭಾಕರನ ಜೊತೆ ಒಂದೇ ಟ್ರೇನಿನಲ್ಲಿ ನ್ಯೂಯಾರ್ಕಿಗೆ ಹೋಗಿಬಂದಿದ್ದ ಅಶ್ವತ್ಥನಾರಾಯಣ ಎದ್ದು ಕೈಮುಗಿದರು.

“ಎಂಥ ಮನುಷ್ಯ ಅಮ್ಮಾ! ಒಂದು ದಿನ ದನಿ ಎತ್ತಿದ್ದು ನೋಡ್ಲಿಲ್ಲ ನಾನು. ಒಂದೇ ಸೀಟಿದ್ರೆ ನನಗೇ ಬಿಟ್ಕೊಡೋರು.”

“ಹೌದ್ರಿ,” ಎಂದಳು ಸುಗುಣಾ. ಅದು ಸುಳ್ಳಲ್ಲ. ಇನ್ಶೂರೆನ್ಸ್ ಆಫೀಸಿನಲ್ಲಿ, ರೈಲಿನಲ್ಲಿ, ಚರ್ಚಿನಲ್ಲಿ ಪ್ರಭಾಕರ ಅಂಥವನೇ. ಸಿಟ್ಟನ್ನೆಲ್ಲ ಜೋಪಾನವಾಗಿ ಮನೆಗೆ ತರುತ್ತಿದ್ದ.

*

ಬೆಟಗೇರಿಯ ಮಿಷನ್ ಕಾಂಪೌಂಡಿನಲ್ಲಿ ಬೆಳೆದ ಪ್ರಭಾಕರನಿಗೆ ಬೈಬಲ್ ಬಾಯಿಪಾಠ. ಇಲ್ಲಿ ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಒಮ್ಮೆ ಪುಟ್ಟ ಹುಡುಗಿಯೊಬ್ಬಳು ಕೇಳಿದಳು: “ಅಂಕಲ್, ಆದಾಮ್ ಹಣ್ಣು ತಿಂತಾನೆ ಅಂತ ಗಾಡ್‌ಗೆ ಮೊದ್ಲೇ ಗೊತ್ತಿತ್ತಲ್ವಾ? ದೆನ್ ವೈ ಪುಟ್ ದ ಟ್ರೀ ದೇರ್?”

ಪ್ರಭಾಕರ ನಕ್ಕ. “ದೇವರು ನಮ್ಮನ್ನ ಗೊಂಬಿ ಮಾಡ್ಲಿಲ್ಲ, ಮಗಾ. ಬೇಕು, ಬ್ಯಾಡ ಅನ್ನೋ ಮನಸು ಕೊಟ್ಟ. ಪಾಪ ಅವನು ಮಾಡಿದ್ದಲ್ಲ, ನಾವು ಆರಿಸಿಕೊಂಡಿದ್ದು.”

ಅವತ್ತು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಸುಗುಣಾ, “ಹುಡುಗಿ ಚೊಲೊ ಕೇಳಿದ್ಲು. ನೀವು ಪೂರಾ ಉತ್ತರಾ ಕೊಡ್ಲಿಲ್ಲ,” ಎಂದಳು. ಅಷ್ಟೇ. ಅವನು ಎದ್ದು ಅವಳ ಕೂದಲು ಹಿಡಿದು, ಮುಖವನ್ನು ಫ್ರಿಜ್ಜಿನ ಬಾಗಿಲಿಗೆ ಮೂರು ಸಲ ಅಪ್ಪಳಿಸಿದ. ಮುಂದಿನ ಹಲ್ಲೊಂದು ನೆಲಕ್ಕೆ ಬಿತ್ತು. ಹನ್ನೊಂದು ವರ್ಷದ ಕೃಪಾ ಮೇಜಿನ ಕೆಳಗೆ ತೂರಿಕೊಂಡಳು.

ಆಮೇಲೆ ಐಸ್ ತಂದವನೂ ಅವನೇ. ಅವಳ ಕಾಲ ಬಳಿ ಕೂತು ಅತ್ತ. “ನಾನಲ್ಲ ಸುಗುಣಾ. ಆದಾಮನ ರಕ್ತ ಈ ಕೈಯಾಗ ಹರೀತದ. ಏನು ಮಾಡ್ಲಿ ಹೇಳು?”

ಮತ್ತೊಂದು ವರ್ಷ ಅವಳು ಚರ್ಚಿನ ಪಾದ್ರಿ ಸತ್ಯಮಿತ್ರ ಅಯ್ಯನವರ ಬಳಿ ಹೋಗಿ, ಸೆರಗು ಸರಿಸಿ, ಬೆನ್ನ ಮೇಲಿನ ಬೆಲ್ಟಿನ ಬರೆ ತೋರಿಸಿದ್ದಳು. ಅಯ್ಯನವರು ಮುಖ ತಿರುಗಿಸಿ, “ದೇವರ ಚಿತ್ತ, ತಂಗಿ. ತಾಳ್ಕೊ,” ಎಂದಿದ್ದರು. ತಾಳಿಕೊಂಡಳು.

*

ಶನಿವಾರ ಅವಳು ಬೇಸ್‌ಮೆಂಟಿನಲ್ಲಿ ಬಟ್ಟೆಗಳನ್ನು ಡ್ರೈಯರಿಗೆ ಹಾಕಿ ಮೆಟ್ಟಿಲು ಹತ್ತಿ ಬಂದಳು. ಬಾಗಿಲಲ್ಲೇ ನಿಂತಿದ್ದ ಪ್ರಭಾಕರ, ಬಿಳಿ ಅಂಗಿಗೆ ಬಣ್ಣ ಹತ್ತಿಸಿದ್ದಕ್ಕೆ ದವಡೆಗೆ ಗುದ್ದಿದ. ಅವಳು ಕಂಬಿ ಹಿಡಿದುಕೊಂಡಳು. ಎರಡನೆಯ ಗುದ್ದು ಬೀಸಿದಾಗ ಬಗ್ಗಿದಳು. ಅವನು ಆಯ ತಪ್ಪಿ, ಅವಳನ್ನು ದಾಟಿ ಕೆಳಗುರುಳಿದ. ಕಾಂಕ್ರೀಟಿಗೆ ತಲೆ ಬಡಿಯಿತು.

ಕಿವಿಯಿಂದ ರಕ್ತ ಹರಿಯುತ್ತಿತ್ತು. ಕಣ್ಣು ತೆರೆದೇ ಇತ್ತು. “ಫೋನ್... ಸುಗುಣಾ, ಫೋನ್ ಮಾಡು.”

ಸ್ವೆಟರಿನ ಜೇಬಿನಿಂದ ಫೋನ್ ತೆಗೆದಳು. ಆಂಬ್ಯುಲೆನ್ಸ್ ಕರೆಯಲು ಒತ್ತಬೇಕಾದದ್ದು ಮೂರೇ ಅಂಕಿ. ಅವಳು ಮೆಟ್ಟಿಲ ಮೇಲೆ ಕೂತಳು. ಅವನ ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು. ಡ್ರೈಯರಿನೊಳಗೆ ಅವನ ಪ್ಯಾಂಟಿನ ಗುಂಡಿಗಳು ಬಡಿಯುತ್ತಿದ್ದವು. ಹಿಮ್ಮಡಿ ಮೊದಲು ನಿಂತಿತು. ಬಹಳ ಹೊತ್ತಿನ ಮೇಲೆ ಡ್ರೈಯರ್ ನಿಂತಿತು. ಆಗ ಒತ್ತಿದಳು.

ಬಂದ ಪೊಲೀಸರು ಜಾರಿಬಿದ್ದು ಸತ್ತನೆಂದು ಬರೆದುಕೊಂಡು ಹೋದರು.

*

ಜನ ಕಾರುಗಳತ್ತ ಹೊರಟಾಗ ಅಯ್ಯನವರು ತಾಯಿ-ಮಗಳನ್ನು ಪಕ್ಕದ ಕೋಣೆಗೆ ಕರೆದರು.

“ಧೈರ್ಯ ತಗೋ, ತಂಗಿ. ಎಲ್ಲಾ ದೇವರ ಚಿತ್ತ.”

“ಆ ಮಾತು ಸಮಾಧಿ ಮುಂದ ಅನಬ್ಯಾಡ್ರಿ, ಅಯ್ಯಾವ್ರ.”

“ಯಾಕವಾ?”

“ಫೋನ್ ನನ್ನ ಕೈಯಾಗಿತ್ತು. ಮಾಡು ಅಂತ ಬೇಡ್ಕೊಂಡ್ರು. ಜೀವ ಹೋದ ಮ್ಯಾಲೆ ಮಾಡಿದೆ.”

ಕೃಪಾಳ ಕೈಯಲ್ಲಿದ್ದ ಕೋಟು ಕೆಳಗೆ ಬಿತ್ತು. ಅಯ್ಯನವರು ಬಾಗಿಲು ಮುಚ್ಚಿದರು. “ಆ ಗಳಿಗ್ಯಾಗ ಸೈತಾನ ನಿನ್ನ...”

“ಸೈತಾನ ಇರಲಿಲ್ರಿ. ನಾ ಒಬ್ಬಾಕೇ ಇದ್ದೆ. ಅವರು ತಮ್ಮ ಕೈ ಆದಾಮಂದು ಅಂದ್ರು. ನಾ ಹಂಗ ಅನ್ನೂದಿಲ್ಲ. ಈ ಕೈ ನಂದು. ನನ್ನ ಬೆನ್ನ ನೋಡಿ ದೇವರ ಚಿತ್ತ ಅಂದ್ರಲ್ಲ, ಆ ಬಾಯಿ ಯಾರದ್ರಿ?”

ಅಯ್ಯನವರು ಬಾಗಿಲ ಚಿಲಕಕ್ಕೆ ಕೈ ಹಾಕಿದರು.

“ಎಷ್ಟು ಹೊತ್ತು ಅಮ್ಮಾ?” ಕೃಪಾ ಗೋಡೆಗೆ ಒರಗಿದ್ದಳು.

“ಡ್ರೈಯರ್ ನಿಲ್ಲೂತನಕ. ನಾಳೆ ಪೊಲೀಸರಿಗೂ ಹೇಳ್ತೀನಿ.”

ಕೃಪಾ ಬಗ್ಗಿ ಕೋಟು ಎತ್ತಿಕೊಂಡಳು. ತಾಯಿಯ ಮುಖ ನೋಡಲಿಲ್ಲ. “ಓಕೆ. ನಾಳೆ ನಾನು ಡ್ರೈವ್ ಮಾಡ್ತೀನಿ.”

ಸ್ಮಶಾನದಲ್ಲಿ ಹಿಮ ಗಟ್ಟಿಯಾಗಿತ್ತು. ಗುಂಡಿಯ ಮೇಲೆ ಪಟ್ಟಿಗಳಲ್ಲಿ ಪೆಟ್ಟಿಗೆ ತೂಗುತ್ತಿತ್ತು. ಅಯ್ಯನವರು ಪುಸ್ತಕ ತೆರೆದು ಪ್ರಾರ್ಥನೆ ಓದುತ್ತ ಬಂದರು. “ಈ ನಿನ್ನ ದಾಸನನ್ನು, ನಿನ್ನ...” ಎಂದವರು ನಿಂತರು. ಮತ್ತೆ “ನಿನ್ನ...” ಎಂದರು. ಅಶ್ವತ್ಥನಾರಾಯಣ ತಲೆಯೆತ್ತಿ ನೋಡಿದರು. ಗುಂಡಿಯಾಚೆ ಸುಗುಣಾ ಅಯ್ಯನವರನ್ನೇ ನೋಡುತ್ತ ನಿಂತಿದ್ದಳು.

ಪ್ರಾರ್ಥನೆ ಮುಗಿಯಿತೆಂದುಕೊಂಡ ಸ್ಮಶಾನದ ಕೆಲಸಗಾರ, ಕನ್ನಡ ತಿಳಿಯದವನು, ಬೂಟುಗಾಲಿನಿಂದ ಲಿವರ್ ಒತ್ತಿದ. ಪಟ್ಟಿಗಳು ಸಡಿಲಾದವು. ಪೆಟ್ಟಿಗೆ ಕೆಳಗಿಳಿಯತೊಡಗಿತು, ಅಯ್ಯನವರ ಬಾಯಿಂದ ಬರಿಯ ಬಿಳಿ ಉಸಿರು ಹೊರಬರುತ್ತಿತ್ತು.