ವಿಳಾಸವಿಲ್ಲದ ಊರಿಗೆ ಗಂಡನನ್ನು ಕಳಿಸುವುದಿಲ್ಲ

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ದುಬೈಗೆ ಹೊರಟವನ ಮನೆಯಲ್ಲಿ ಊಟ ಹಾಕಿಸುವ ಹೊಸ ರೂಢಿ ಈಗ ನಮ್ಮ ಓಣಿಗಳಲ್ಲೂ ಶುರುವಾಗಿದೆ. ಕೊರಳಿಗೆ ಹಾರ ಬಿದ್ದು, ನೂರು ಜನ ಉಂಡು ಹೋದ ಮೇಲೆ ಅವನು ಹೋಗಲೇಬೇಕು. ಎಂಥ ಕಾಗದದ ಮೇಲೆ ಹೋಗುತ್ತಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ಕೇಳಿದವರೇ ಕೆಟ್ಟವರು. ಎರಡು ವರ್ಷದ ಹಿಂದೆ, ಎಪ್ಪತ್ತೇಳರಲ್ಲಿ, ವಿಜಾಪುರದ ಇಬ್ರಾಹಿಂಪುರದಲ್ಲಿ ಬಾನುಬಿ ಹಾಗೆ ಕೆಟ್ಟವಳಾದಳು. ಅವಳ ಕಥೆ ಕೇಳಿ.

ಬಾನುಬಿಯ ಗಂಡ ಫಕ್ರುದ್ದೀನ ಗೌಂಡಿ. ಅವನು ಕಟ್ಟಿದ ಗೋಡೆಗೆ ದಾರ ಹಿಡಿದು ನೋಡಬೇಕಿಲ್ಲ, ಅಂಥ ಕೈ. ಅವನ ಮುಂದೆ ಎರಡು ದಾರಿ ಇದ್ದವು. ಒಂದು, ಬಹ್ರೇನಿನ ಕಟ್ಟಡದ ಕಂಪನಿ. ಅದರವರು ಮುಂಬಯಿಯಲ್ಲಿ ಅವನ ಕೆಲಸ ನೋಡಿ ಹೆಸರು ಬರೆದುಕೊಂಡಿದ್ದರು. ಕೆಲಸದ ಕರಾರು, ಅಲ್ಲಿ ವಾಸಿಸುವ ಪರವಾನಗಿ ಎರಡೂ ಅವನ ಹೆಸರಿಗೇ ಬರುತ್ತವೆ. ಆದರೆ ಐದಾರು ತಿಂಗಳು ಕಾಯಬೇಕು. ಇನ್ನೊಂದು, ಒಬ್ಬ ಏಜೆಂಟನ ದಾರಿ.

"ಹದಿನೈದು ದಿನದಾಗ ದುಬೈ ತೋರಸ್ತೇನಿ. ವಿಸಿಟ್ ವೀಸಾ. ಊರು ನೋಡಾಕ ಬಂದೇನಿ ಅಂತ ಹೇಳಿ ಇಳಿ, ಕೆಲಸ ತಾನಾ ಸಿಗತೈತಿ," ಎಂದಿದ್ದ ಅವನು.

ಕಾಯಲು ಯಾರಿಗೆ ಸಹನೆ? ಫಕ್ರುದ್ದೀನನ ಅಣ್ಣ ಅಲ್ಲಾಉದ್ದೀನ ಹೂಂ ಅಂದ, ಅವನು ದುಬೈಗೆ ಹೊರಡಲು ಸಿದ್ಧನಾದ.

ಹೊರಡುವ ದಿನ ಮಧ್ಯಾಹ್ನ ಊಟ ಮುಗಿದಿತ್ತು. ಫಕ್ರುದ್ದೀನನ ಕೊರಳಲ್ಲಿ ಹಾರ, ಪಕ್ಕದ ಕುರ್ಚಿಯಲ್ಲಿ ಏಜೆಂಟ. ಅಷ್ಟರಲ್ಲಿ ಆ ಓಣಿಗೆ ಹನ್ನೆರಡು ವರ್ಷದಿಂದ ಪತ್ರ ಹಂಚುವ ಟಪಾಲಿನ ಗುರುಪಾದಯ್ಯ ಬಂದ. ಚಹಾ ಕುಡಿಯುತ್ತ ಕೇಳಿದ:

"ಫಕ್ರು, ಅಲ್ಲಿ ನಿನ್ನ ಅಡ್ರೆಸ್ ಏನಪಾ? ಬರದಿಟ್ಟು ಹೋಗು, ಮನಿಯವರಿಗೆ ಬೇಕಾಗತೈತಿ."

"ಅಡ್ರೆಸ್ ಇಲ್ರಿ ಅಯ್ಯಾರ. ಮನಿಯವರು ಬರೀಬಾರದಂತ. ನಾನಾ ಬರೀತೇನಿ."

ಗುರುಪಾದಯ್ಯ ಕಪ್ಪು ಕೆಳಗಿಟ್ಟ. "ಹಂಗಾರ ನೀ ವಿಸಿಟ್ ಮ್ಯಾಲೆ ಹೊಂಟಿ."

"ನಿಮಗ ಹ್ಯಾಂಗ ಗೊತ್ತಾತ್ರಿ?" ಎಂದಳು ಬಾನುಬಿ, ಬಾಗಿಲ ಹಿಂದಿನಿಂದ.

"ಯವ್ವಾ, ಆ ಕಡಿಂದ ಬರೂ ನೀಲಿ ಪತ್ರ ದಿನಾ ನನ್ನ ಕೈಯಾಗ ಇರ್ತಾವ. ಒಳಗ ನಾ ನೋಡಾಂವಲ್ಲ, ಹೊರಗ ನೋಡ್ತೇನಿ. ವಾಸದ ಪರವಾನಗಿ ಇದ್ದಾಂವ ತನ್ನ ಹೆಸರು, ಕಂಪನಿ ಹೆಸರು, ಟಪಾಲ ಪೆಟ್ಟಿಗಿ ನಂಬರು ದೊಡ್ಡ ಅಕ್ಷರದಾಗ ಬರೀತಾನ. ಇಲ್ಲದಾಂವ ಆ ಜಾಗಾ ಖಾಲಿ ಬಿಡತಾನ. ವಿಸಿಟ್ ದಿನ ಮುಗದ ಮ್ಯಾಲೆ ಅಲ್ಲಿ ಇರೂದಾ ಗುನ್ನೆ. ಪಗಾರ ಕೊಡ್ಲಿಲ್ಲಂದ್ರ ಯಾರಿಗೆ ಹೇಳ್ತಾನ? ಬಿದ್ದು ಕಾಲು ಮುರದ್ರ ದವಾಖಾನಿಗೆ ಹೋಗಾಕೂ ಅಂಜಿಕಿ."

ಏಜೆಂಟ ನಕ್ಕ. "ಟಪಾಲ ಹಂಚಾಂವಗ ದುಬೈ ಏನ ಗೊತ್ತು?"

"ದುಬೈ ಗೊತ್ತಿಲ್ರಿ. ನಮ್ಮೂರು ಸಾರವಾಡದ ಮದೀನಾಬಿ ಗೊತ್ತು. ಅಕಿ ಗಂಡ ಹಿಂಗಾ ಹೋಗಿ ಎರಡು ವರ್ಷ ಆತು. ಇಲ್ಲಿ ಅವನ ತಾಯಿ ಸತ್ಲು. ಪತ್ರ ಬರಿಸಿಕೊಂಡು ಬಂದು, ಎಲ್ಲಿಗೆ ಹಾಕ್ಲಿ ಅಯ್ಯಾರ ಅಂತ ನನ್ನ ಕೇಳಿದ್ಲು. ನಾ ಏನ ಹೇಳ್ಲಿ? ತಾಯಿ ಆರಾಮ ಅದಾಳೇನು ಅಂತ ಅಂವ ತನ್ನ ಪತ್ರದಾಗ ಇನ್ನೂ ಕೇಳಾಕತ್ತಾನಂತ."

ಬಾನುಬಿ ಹೊರಗೆ ಬಂದಳು. ಏಜೆಂಟನ ಮುಂದೆ ಒಂದು ನೋಟಬುಕ್ಕು ಹಿಡಿದಳು.

"ಇದರಾಗ ನನ್ನ ಗಂಡನ ಅಡ್ರೆಸ್ ಬರೀರಿ."

ಅವನು ಬರೆದ: ಫಕ್ರುದ್ದೀನ, ದುಬೈ.

"ಅಯ್ಯಾರ, ಇಷ್ಟು ಬರದ್ರ ಮುಟ್ಟತೈತೇನ್ರಿ?"

"ಗುರುಪಾದಯ್ಯ, ವಿಜಾಪುರ ಅಂತ ಬರದ್ರ ನನಗಾ ಮುಟ್ಟೂದಿಲ್ಲವಾ. ಅದೂ ನಾ ಟಪಾಲಿನ್ಯಾಗ ಇದ್ದು!"

ಅಲ್ಲಾಉದ್ದೀನ ಸಿಡಿದೆದ್ದ. "ಮಂದಿ ಉಂಡು ಹೋಗ್ಯಾರ, ಹಾರ ಹಾಕ್ಯಾರ! ನಾಳೆ ಓಣ್ಯಾಗ ಯಾವ ಮಾರಿ ಇಟ್ಕೊಂಡು ಅಡ್ಡಾಡ್ಲಿ?"

"ನಿಮ್ಮ ಮಾರಿಗೇನೂ ಆಗಿಲ್ರಿ ಭಾಯಿಸಾಬ. ಮಂದಿ ಉಂಡಿದ್ದು ಒಂದು ಹೊತ್ತಿನ ಊಟ. ಅದಕ್ಕ ನನ್ನ ಗಂಡನ್ನ ಯಾಕ ಕೊಡ್ಲಿ? ಅಂವ ಗೌಂಡಿ ಅದಾನ. ಕಳ್ಳರಂಗ ಅಡಗಿ ಕೂಡಾಕ ನಾ ಕಳಸೂದಿಲ್ಲ. ಹೋದ್ರ ತನ್ನ ಹೆಸರಿನ ಕಾಗದ ಹಿಡಕೊಂಡು ಹೋಗ್ಲಿ. ಬೈಯಾವರು ನನ್ನ ಬೈಲಿ!"

ಹೇಳಿ, ಎಲ್ಲರ ಎದುರಿಗೇ ಗಂಡನ ಕೊರಳಿನ ಹಾರ ತೆಗೆದಳು. ಫಕ್ರುದ್ದೀನ ಹೆಂಡತಿಯನ್ನು ನೋಡಿದ, ಏಜೆಂಟನ ಕಡೆ ತಿರುಗಿದ.

"ನನ್ನ ಪಾಸ್‌ಪೋರ್ಟ್ ಕೊಡ್ರಿ."

ಏಜೆಂಟ ಆಫೀಸಿನಲ್ಲಿದೆ ಅಂದ, ನಾಳೆ ಅಂದ. ಗುರುಪಾದಯ್ಯ ಏಳಲಿಲ್ಲ, ಬಾನುಬಿ ಬಾಗಿಲು ಬಿಡಲಿಲ್ಲ. ಕೊನೆಗೆ ಅದು ಅವನ ಚೀಲದಲ್ಲೇ ಸಿಕ್ಕಿತು.

ಆಮೇಲೆ ಆರು ತಿಂಗಳು ಜನ ಆಡಿಕೊಂಡರು. ಫಕ್ರುದ್ದೀನ ಕಾಖಂಡಕಿಯಲ್ಲಿ ಗೋಡೆ ಕಟ್ಟಲು ಹೋದರೆ, "ದುಬೈ ಶೇಠ್ ಬಂದ್ರು," ಎಂದು ನಗುವುದು. ಬಾನುಬಿ ತಲೆ ತಗ್ಗಿಸಲಿಲ್ಲ. ಕೊನೆಗೆ ಬಹ್ರೇನಿನ ಕಂಪನಿಯ ಕರಾರು ಬಂತು, ಮೂರು ವರ್ಷದ ವಾಸದ ಪರವಾನಗಿಯೂ ಬಂತು, ಎರಡರಲ್ಲೂ ಅವನ ಹೆಸರು. ಅಲ್ಲಾಉದ್ದೀನ ಎರಡೆರಡು ಸಲ ಓದಿಸಿ ಕೇಳಿದ. "ನಂದಾ ತಪ್ಪಾತು ತಂಗಿ," ಎಂದು ಬಾಯಿಬಿಟ್ಟು ಹೇಳಿದ. ಫಕ್ರುದ್ದೀನ ಆಮೇಲೆಯೇ ಹೊರಟ.

ಪರದೇಶಕ್ಕೆ ಹೊರಟವರೇ, ಕಳಿಸುವವರೇ, ಬಾಯಿಬಿಟ್ಟು ಕೇಳಿ. ಈ ವೀಸಾ ಊರು ನೋಡಲೋ, ದುಡಿಯಲೋ? ಎಷ್ಟು ವರ್ಷ ವಾಸಿಸಬಹುದು? ಯಾವ ಕಂಪನಿ, ಕರಾರಿನಲ್ಲಿ ಯಾರ ಹೆಸರು? ಓದಬಲ್ಲವರಿಂದ ಓದಿಸಿ, ಒಂದು ಪ್ರತಿ ಮನೆಯಲ್ಲಿಡಿ. ಬೇಗ ಕಳಿಸುವವನಿಗಿಂತ ಕಾಗದ ತೋರಿಸುವವನನ್ನು ಆರಿಸಿ. ಏಜೆಂಟ ಗದರಿದರೆ ಇನ್ನೂ ಗಟ್ಟಿಯಾಗಿ ಕೇಳಿ. ನೀವು ದುಡಿಯಲು ಹೊರಟವರು. ಯಾವ ದೇಶದಲ್ಲೂ ಯಾರ ಕಣ್ಣಿಗೂ ಅಡಗಿ ಬದುಕಬೇಡಿ.