ಚಿನ್ನಿಯ ಗಂಟಲು

ಬುಧವಾರ ನನ್ನ ಡಬ್ಬಿಯಲ್ಲಿ ಚಿತ್ರಾನ್ನವೇ ಇರುತ್ತದೆ ಎಂಬುದನ್ನು ಮೊದಲು ಗಮನಿಸಿದವರು ನಮ್ಮ ಆಫೀಸಿನ ಹೆಡ್ ಕ್ಲರ್ಕ್ ಮರುಳಸಿದ್ದಪ್ಪನವರು.

"ಏನಮ್ಮಾ ಸೀತಾಲಕ್ಷ್ಮಿ, ಬುಧವಾರ ಬಂತು ಅಂದ್ರೆ ನಿಂಬೆಹಣ್ಣಿನ ಚಿತ್ರಾನ್ನ. ಮನೇಲಿ ಗಿಡ ಇದ್ಯಾ?"

ಗಿಡ ಇರಲಿಲ್ಲ. ಜೆ.ಪಿ. ನಗರದಲ್ಲಿ, ಸಾರಕ್ಕಿಯ ಹತ್ತಿರದ ಒಂದು ವಠಾರದಲ್ಲಿ ನಾನೂ ಅಮ್ಮನೂ ಬಾಡಿಗೆಗಿದ್ದೆವು. ಒಂದು ತುಳಸಿ ಕುಂಡ ಇಡುವುದೇ ಅಲ್ಲಿ ಕಷ್ಟ. ನಕ್ಕು ಡಬ್ಬಿ ಮುಚ್ಚಿದೆ. ಆದರೆ ಮಧ್ಯಾಹ್ನವೆಲ್ಲ ಟೈಪಿಂಗ್ ತಪ್ಪಾಗುತ್ತಲೇ ಹೋಯಿತು.

ಮಂಗಳವಾರ ಅಮ್ಮ ಬನಶಂಕರಿ ಗುಡಿಗೆ ಹೋಗುತ್ತಿದ್ದಳು, ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು. ದೀಪ ಹಚ್ಚುವವರು ಹಣ್ಣನ್ನು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಬಟ್ಟಲಿನಂತೆ ಮಗುಚಿ, ಅದರಲ್ಲಿ ಬತ್ತಿ ಉರಿಸಿ ಅಲ್ಲೇ ಬಿಟ್ಟು ಬರುತ್ತಾರೆ. ಹಣ್ಣು ಮನೆಗೆ ವಾಪಸು ಬರುವುದಿಲ್ಲ. ಹಾಗಾದರೆ ಬುಧವಾರದ ಹಣ್ಣು ಎಲ್ಲಿಯದು?

ಅಮ್ಮ ಒಂದೆರಡು ಹಣ್ಣು ಹೆಚ್ಚಿಗೆ ಕೊಂಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಹೆತ್ತ ತಾಯಿಯ ಮೇಲೆ ಇಂಥ ಲೆಕ್ಕ ಹಾಕುವುದು ಎಷ್ಟು ಸಣ್ಣತನ ಎಂದೂ ಅನ್ನಿಸಿತು. ಆದರೂ ಮುಂದಿನ ಮಂಗಳವಾರ ಸಂಜೆ ಆಫೀಸು ಮುಗಿಸಿ ಬಂದವಳು, ಅಮ್ಮ ನಲ್ಲಿಯ ಹತ್ತಿರ ಹೋದದ್ದನ್ನು ನೋಡಿಕೊಂಡು ಬಾಗಿಲ ಹಿಂದೆ ತೂಗುಹಾಕಿದ್ದ ಚೀಲಕ್ಕೆ ಕೈ ಹಾಕಿದೆ. ಹಣ್ಣುಗಳು ಇಡಿಯಾಗಿದ್ದವು. ಬತ್ತಿ ಒಣಗಿಕೊಂಡೇ ಇತ್ತು. ಎಣ್ಣೆ ಶೀಶೆ ತುಂಬಿತ್ತು.

ಅಮ್ಮ ಗುಡಿಗೆ ಹೋಗಿರಲಿಲ್ಲ.

ಅಷ್ಟಾದ ಮೇಲೆ ಕಂಡದ್ದೆಲ್ಲ ಅನುಮಾನವೇ. ಅಮ್ಮ ಬೆಳಗ್ಗೆ ಎದ್ದ ತಕ್ಷಣ ಉಪ್ಪುನೀರು ಮುಕ್ಕಳಿಸುತ್ತಿದ್ದಳು. ಮಜ್ಜಿಗೆ ಬಿಟ್ಟಿದ್ದಳು. ಉಪ್ಪಿನಕಾಯಿ ಭರಣಿ ನನ್ನ ಕಡೆಗೆ ತಳ್ಳಿ ತಾನು ಮೆಣಸಿನ ಸಾರು ಕಲಸಿಕೊಳ್ಳುತ್ತಿದ್ದಳು. ನನ್ನ ಅಪ್ಪ ತೀರಿಕೊಂಡದ್ದು ಗಂಟಲ ಹುಣ್ಣಿನಿಂದ. ಅವರಿಗೂ ಶುರುವಾದದ್ದು ಹೀಗೇ, ಒಂದೊಂದೇ ಪದಾರ್ಥ ಬಿಡುತ್ತ. ಅವರೂ ಮೊದಲು ನಮಗೆ ಹೇಳದೆ ಒಬ್ಬರೇ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು.

"ಗಂಟಲು ಏನಾದ್ರೂ ನೋಯ್ತಿದ್ಯಾಮ್ಮಾ?" ಎಂದು ಕೇಳಿದೆ.

"ನನ್ನ ಗಂಟಲಿಗೇನಾಗಿದೆ, ಗುಂಡುಕಲ್ಲು ಇದ್ದಂಗಿದೆ," ಎಂದಳು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮನೆಯ ಯಜಮಾನಿ ಅಕ್ಕಯಮ್ಮನಿಗೆ ಇದ್ದ ಅನುಮಾನ ಬೇರೆ. ಅವರದು ಸಾರಕ್ಕಿಯದೇ ಹಳೆಯ ಮನೆತನ. ಈಗ ಬಡಾವಣೆ ಎದ್ದಿರುವ ಕಡೆ ಒಂದು ಕಾಲದಲ್ಲಿ ರಾಗಿ ಬೆಳೆದವರು. ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತರೆ ವಠಾರಕ್ಕೆ ಬಂದುಹೋಗುವ ಯಾರೂ ಅವರ ಕಣ್ಣು ತಪ್ಪಿಸುವಂತಿರಲಿಲ್ಲ.

"ಸೀತಾ, ಇಲ್ ಬಾರವ್ವ," ಎಂದು ಒಂದು ದಿನ ಕರೆದರು. "ಮಂಗಳವಾರ ನಿಮ್ಮವ್ವನ್ನ ಯಾರೋ ಸ್ಕೂಟರ್‌ನಾಗೆ ತಂದು ಮೂಲೇಲಿ ಇಳಿಸ್ತಾರಲ್ಲ, ಯಾರವ್ರು?"

"ನನಗೆ ಗೊತ್ತಿಲ್ಲ."

"ಗಡ್ಡ ಬಿಟ್ಟವ್ರೆ. ಬೆರಳೆಲ್ಲ ಬಣ್ಣ. ಕೇಳ್ನೋಡು. ನಮ್ ಮನೆ ಅಂದ್ರೆ ನಾಕು ಜನ ಮರ್ಯಾದೆ ಕೊಡೋ ಮನೆ. ನಿಮ್ಮವ್ವ ಮಂಗಮ್ನೋರು ಒಳ್ಳೇವ್ರು, ಇಲ್ಲ ಅನ್ನಲ್ಲ. ಆದ್ರೂ ನಂಗೆ ಉತ್ತರ ಬೇಕಲ್ವಾ?"

ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿದರೆ ಕಾಯಿಲೆಯ ಹೆಸರು ಹೊರಗೆ ಬಂದುಬಿಡುತ್ತದೆ ಎಂಬ ಭಯ. ಆ ಗಡ್ಡದವರು ಡಾಕ್ಟರ ಕಾಂಪೌಂಡರ್ ಇರಬಹುದೇ, ಬೆರಳಿನ ಬಣ್ಣ ಔಷಧಿಯದೇ ಎಂದೆಲ್ಲ ಯೋಚಿಸಿದೆ. ಅಪ್ಪನ ಹಿಂದೆಯೇ ಅಮ್ಮನೂ ಹೊರಟಳು ಎಂದೇ ತೀರ್ಮಾನಿಸಿ, ಆಫೀಸಿನಲ್ಲಿ ಟೈಪ್ ಮಾಡುತ್ತ ಕೂತಾಗಲೂ ನನ್ನ ಕಣ್ಣು ತುಂಬಿಕೊಳ್ಳುತ್ತಿತ್ತು.

ಆ ವರ್ಷ ಎಲ್ಲಿ ಹೋದರೂ ಒಂದೇ ಹಾಡು. ಬುಗುರಿ ಬ್ಯಾಂಡ್‌ನ 'ಬಿಸಿಲೇ ಬಿಸಿಲೇ, ನಿನ್ನ ಮನೆಗೆ ಬಾಗಿಲು ಎಲ್ಲಿ?' ಜಯನಗರ ಫೋರ್ತ್ ಬ್ಲಾಕ್‌ನ ಹೋಟೆಲುಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ, ಬಸ್ ಕಂಡಕ್ಟರ ಸಿಳ್ಳೆಯಲ್ಲಿ ಅದೇ. ಕ್ಯಾಸೆಟ್ಟಿನ ಮೇಲೆ ಮನುಷ್ಯರ ಫೋಟೋ ಇರಲಿಲ್ಲ. ಡೋಲು ಬಾರಿಸುವ ಕರಡಿ, ಹಾರ್ಮೋನಿಯಂ ಮುಂದೆ ಕೂತ ಕಾಗೆ, ಎರಡು ಜಡೆಯ ಪುಟ್ಟ ಹುಡುಗಿ, ಎಲ್ಲ ಕೈಯಲ್ಲಿ ಬರೆದ ಚಿತ್ರ. ಕೆಳಗೆ 'ಹಾಡಿದವರು: ಚಿನ್ನಿ' ಎಂದಷ್ಟೇ. ಅದು ಮದ್ರಾಸಿನ ಯಾವುದೋ ಮಗು ಎಂದು ಕೆಲವರು. ಮಗುವೂ ಅಲ್ಲ, ಜಪಾನಿನ ಮಷೀನು ಎಂದು ಮರುಳಸಿದ್ದಪ್ಪನವರು. ನಮ್ಮ ಮನೆಯಲ್ಲಿ ಮಾತ್ರ ಆ ಹಾಡು ಕೇಳಿದ ಕೂಡಲೇ ಅಮ್ಮ ಎದ್ದು ಕಿಟಕಿ ಹಾಕುತ್ತಿದ್ದಳು.

"ತಲೆನೋವು ಕಣೇ ಅದು," ಎನ್ನುತ್ತಿದ್ದಳು. ಅದನ್ನೂ ನಾನು ಕಾಯಿಲೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದೆ.

ಒಂದು ಭಾನುವಾರ ಸಂಜೆ ಆ ಹಾಡಿನ ಕಾರ್ಟೂನು ಟೀವಿಯಲ್ಲಿ ಬರುತ್ತದೆ ಎಂದು ಸುದ್ದಿಯಾಯಿತು. ವಠಾರಕ್ಕೆಲ್ಲ ಟೀವಿ ಇದ್ದದ್ದು ಅಕ್ಕಯಮ್ಮನ ಮನೆಯಲ್ಲಿ. ಎಲ್ಲರೂ ಚಾಪೆಯ ಮೇಲೆ ತುಂಬಿಕೊಂಡೆವು. ಅಮ್ಮ ಬರುವುದಿಲ್ಲ ಎಂದಳು. ಅಕ್ಕಯಮ್ಮ ಬಿಡದೆ ಎಳೆದುಕೊಂಡು ಬಂದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

ಕರಡಿ ಡೋಲು ಬಡಿಯಿತು. ಕಾಗೆ ಕತ್ತು ಕೊಂಕಿಸಿತು. ಚಿನ್ನಿ ಮುಂದೆ ಬಂದು ನಿಂತಳು. ಮೇಲಿನ ಸ್ವರ ಹಿಡಿಯುವ ಮೊದಲು ಅವಳು ಎಡಗಿವಿಯನ್ನು ಅಂಗೈಯಿಂದ ಮುಚ್ಚಿ, ಒಂದು ಕಣ್ಣು ಕಿರಿದು ಮಾಡಿ, ಬಲಗೈಯ ಬೆರಳಿಗೆ ಜಡೆಯ ತುದಿಯನ್ನು ಸುತ್ತಿಕೊಂಡಳು.

ಚಿಕ್ಕಂದಿನಲ್ಲಿ ಒಗೆಯುವ ಕಲ್ಲಿನ ಹತ್ತಿರ ನಿಂತು ಹಾಡುತ್ತಿದ್ದ ಅಮ್ಮನನ್ನು ನಾನು ಎಷ್ಟು ಸಲ ನೋಡಿದ್ದೆ. ಅದೇ ಅಂಗೈ, ಅದೇ ಕಣ್ಣು. ಜಡೆಯ ಬದಲು ಸೆರಗು, ಅಷ್ಟೇ. ಅಪ್ಪ ಹೋದ ಮೇಲೆ ಅವಳ ಬಾಯಲ್ಲಿ ಒಂದು ಹಾಡನ್ನೂ ಕೇಳಿರಲಿಲ್ಲ. ತಿರುಗಿ ನೋಡಿದೆ. ಅಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೂತಿದ್ದಳು.

"ಈ ಹುಡ್ಗೀನ ಎಲ್ಲೋ ನೋಡಿದ್ದೀನಲ್ರೀ," ಎಂದರು ಅಕ್ಕಯಮ್ಮ.

"ಬೊಂಬೆನ ಎಲ್ಲಿ ನೋಡ್ತೀಯ? ಸುಮ್ಕೆ ಕೂತ್ಕೊ," ಎಂದರು ಅವರ ಗಂಡ ಬೈರಣ್ಣ.

ಹಾಡು ಮುಗಿಯಿತು. ಅಕ್ಕಯಮ್ಮ ಅಮ್ಮನ ಕಡೆ ಪೂರ್ತಿ ತಿರುಗಿದರು. "ಮಂಗಮ್ನೋರೆ, ಎಲ್ರೂ ಇದ್ದಾರೆ, ಕೇಳೇಬಿಡ್ತೀನಿ. ಆ ಸ್ಕೂಟರ್‌ನೋರು ಯಾರು?"

ಅಮ್ಮ ನನ್ನ ಕಡೆ ನೋಡಿದಳು. ಮಾತಾಡಿದವಳು ನಾನು.

"ಅವರ ಮನೇಲಿ ಮಕ್ಕಳಿಗೆ ಅಮ್ಮ ಹಾಡು ಹೇಳ್ಕೊಡ್ತಾಳೆ, ಅಕ್ಕಯಮ್ಮನೋರೆ. ಗುಡಿಗೆ ಹೋದೋಳು ಹಂಗೇ ಅಲ್ಲಿಗೆ ಹೋಗಿ ಬರ್ತಾಳೆ. ನನಗೆ ಗೊತ್ತಿತ್ತು, ಹೇಳೋಕೆ ಸಂಕೋಚ ಆಯ್ತು."

ಇಷ್ಟು ಉದ್ದದ ಸುಳ್ಳನ್ನು ನಾನು ಯಾವತ್ತೂ ಹೇಳಿರಲಿಲ್ಲ. ಅಕ್ಕಯಮ್ಮ ನನ್ನನ್ನೂ ಅಮ್ಮನನ್ನೂ ನೋಡಿದರು.

"ಹಂಗಾದ್ರೆ ನಮ್ ಮೊಮ್ಮಗೀಗೂ ಹೇಳ್ಕೊಡಿ ಮತ್ತೆ. ಇದೇ ಬಿಸಿಲೇ ಹಾಡು."

"ಅದು ನನಗೆಲ್ಲಿ ಬರುತ್ತೆ ಅಕ್ಕಯಮ್ಮ," ಎಂದಳು ಅಮ್ಮ. "ಅದು ಮಕ್ಕಳ ಗಂಟಲು."

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅಮ್ಮ ಒಲೆಯ ಮುಂದೆ ನಿಂತಳು. ನಾನು ಹೊಸ್ತಿಲ ಮೇಲೆ ಕೂತೆ.

"ಕಾಯಿಲೆ ಏನೂ ಇಲ್ವಾ?" ಎಂದು ಕೇಳಿದೆ. ನನಗೆ ಬೇಕಾಗಿದ್ದದ್ದು ಅದೊಂದೇ.

"ಯಾವ ಕಾಯಿಲೆ?"

"ಉಪ್ಪುನೀರು, ಮಜ್ಜಿಗೆ..."

ಅಮ್ಮನಿಗೆ ಅರ್ಥವಾಯಿತು. ಬಂದು ನನ್ನ ಪಕ್ಕದಲ್ಲಿ ಕೂತಳು. "ಅಯ್ಯೋ ಹುಚ್ಚಿ, ಹುಳಿ ತಿಂದ್ರೆ ಸ್ವರ ಕಟ್ಟುತ್ತೆ ಅಂತ ಕಣೇ. ಇಷ್ಟು ದಿನ ಅದನ್ನೇ ಯೋಚ್ನೆ ಮಾಡ್ತಿದ್ಯಾ?"

ಮೊದಮೊದಲು ನಿಜವಾಗಿ ದೀಪ ಹಚ್ಚಲೆಂದೇ ಹೋಗಿದ್ದಳಂತೆ. ಹಚ್ಚುತ್ತ ಏನೋ ಗುನುಗಿಕೊಂಡಳಂತೆ. ತಮ್ಮ ತಾಯಿಯನ್ನು ಗುಡಿಗೆ ಕರೆದುಕೊಂಡು ಬಂದಿದ್ದ ಏಕಾಂತಯ್ಯ ಎನ್ನುವವರು ಕೇಳಿಸಿಕೊಂಡರು. ಚಿತ್ರ ಬರೆಯುವವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಕರಡಿ, ಕಾಗೆ ಎಲ್ಲ ಬರೆದಿಟ್ಟುಕೊಂಡು ಚಿನ್ನಿಗೆ ಕಂಠ ಹುಡುಕುತ್ತಿದ್ದರಂತೆ. ಈಗ ಎರಡನೇ ಕ್ಯಾಸೆಟ್ಟಿನ ಹಾಡುಗಳು ನಡೆಯುತ್ತಿದ್ದವು.

"ನಿಧಾನಕ್ಕೆ ಹಾಡಿಸ್ತಾರೆ ಕಣೇ. ಆಮೇಲೆ ಟೇಪನ್ನ ಜೋರಾಗಿ ಓಡಿಸ್ತಾರೆ. ನಾನು ಚಿಕ್ಕೋಳಾಗ್ಬಿಡ್ತೀನಿ."

"ನನಗಾದ್ರೂ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಹೆದರ್ತಿದ್ದೆ. ಗಂಡ ಹೋದ ಮೇಲೆ ಮಂಗಮ್ಮ ಹಾಡ್ತಾಳೆ ಅಂದ್ರೆ ಜನ ಒಂದು ಮಾತು ಅಂತಾರೆ. ಚಿನ್ನಿ ಹಾಡಿದ್ರೆ ಯಾರೂ ಏನೂ ಅನ್ನಲ್ಲ. ಆದ್ರೆ ಅವರು ನನ್ನ ಕೈ, ಕಣ್ಣು ಎಲ್ಲ ಹಂಗೇ ಬರೆದುಬಿಡ್ತಾರೆ ಅಂತ ನನಗೇನು ಗೊತ್ತಿತ್ತು?"

"ಮತ್ತೆ ನಿಂಬೆಹಣ್ಣು?"

"ಹೋಗೋವಾಗ ಅಕ್ಕಯಮ್ಮ ಚೀಲ ಇಣುಕಿ ನೋಡ್ತಾರಲ್ಲ. ವಾಪಸ್ ತಂದಿದ್ದನ್ನ ಎಸೆಯೋಕಾಗುತ್ತಾ?"

ಮುಂದಿನ ಮಂಗಳವಾರ ನಾನು ರಜೆ ಹಾಕಿದೆ. "ನಾನೂ ಬರ್ತೀನಿ," ಎಂದೆ.

"ಬಾ. ಆದ್ರೆ ಅಲ್ಲಿ ಕೆಮ್ಮಬಾರದು," ಎಂದಳು ಅಮ್ಮ.

ಗೇಟಿನ ಹತ್ತಿರ ಅಕ್ಕಯಮ್ಮ ಕೂತಿದ್ದರು. ಚೀಲ ನೋಡಿದರು. ಆಮೇಲೆ ಮಡಿಲಿನಿಂದ ದಪ್ಪನೆಯ ನಿಂಬೆಹಣ್ಣೊಂದನ್ನು ತೆಗೆದು ನನ್ನ ಕೈಯಲ್ಲಿಟ್ಟರು. "ನಮ್ ಮೊಮ್ಮಗಿ ಹೆಸರಲ್ಲಿ ಒಂದು ದೀಪ ಹಚ್ಚವ್ವ. ಅದ್ಕೂ ಆ ಚಿನ್ನಿ ಥರ ಗಂಟಲು ಬರ್ಲಿ." ಹೇಳುವಾಗ ಅಮ್ಮನ ಕೈಗಳನ್ನೇ ನೋಡುತ್ತಿದ್ದರು.

ಮೂಲೆ ತಿರುಗಿದರೆ ಸ್ಕೂಟರ್ ನಿಂತಿತ್ತು. ನಾನು ಹಣ್ಣನ್ನು ಹಿಡಿದುಕೊಂಡು ಅಮ್ಮನ ಮುಖ ನೋಡಿದೆ. ಬೇರೆಯವರ ಹರಕೆಯ ಹಣ್ಣು, ಅದರಲ್ಲಿ ಚಿತ್ರಾನ್ನ ಮಾಡುವಂತಿರಲಿಲ್ಲ.

"ಏಕಾಂತಯ್ಯನೋರೆ, ನೀವು ಮುಂದೆ ಹೋಗಿ," ಎಂದಳು ಅಮ್ಮ. "ನಾವು ಗುಡಿಗೆ ಹೋಗಿ ಬರ್ತೀವಿ."

ಬಸ್ ಸ್ಟಾಪಿನ ಕಡೆ ನಡೆಯುತ್ತ ನಾನು ತಿರುಗಿ ನೋಡಿದೆ. ಅಕ್ಕಯಮ್ಮ ಕಲ್ಲಿನಿಂದ ಎದ್ದು ಮೂಲೆಯವರೆಗೂ ಬಂದು ನಿಂತಿದ್ದರು.