ಮಣ್ಣು ತುಂಬಿದ ಗೆಜ್ಜೆ

ಬಿಸಿಲು ಕಣ್ಣಿಗೇ ಬಂದು ಕೂತಿದೆ, ಕಮಲಾಪುರದಿಂದ ಕಲಬುರಗಿಗೆ ಸಂಜೆಯ ಬಸ್ಸೆಂದರೆ ಇದೇ ಹಣೆಬರಹ, ಮುಂದಿನ ಸೀಟಿನಲ್ಲಿ ಕೂತವನನ್ನು ಸೂರ್ಯ ದಾರಿಯುದ್ದಕ್ಕೂ ಟಾರ್ಚ್ ಹಿಡಿದು ವಿಚಾರಿಸುತ್ತಾನೆ, ದೌಲಪ್ಪ ಕಣ್ಣು ಮುಚ್ಚಿದ, ಮುಚ್ಚಿದರೆ ಮತ್ತೆ ಅದೇ ಗೆಜ್ಜೆ — ಕಡಲೆಕಾಳಿನಷ್ಟು, ಬಾಯ್ತುಂಬ ಮಣ್ಣು — ತೆರೆದ. ಕಾಲಿನ ನಡುವೆ ಗೋಣಿಚೀಲ ಸುತ್ತಿದ ಮಷಿನ್ನು, ತೊಡೆಯ ಮೇಲೆ ಇವತ್ತು ಅಗೆದ ವಾಡೆಯ ಹುಡುಗ ವಿವೇಕಾನಂದ ಕೊಟ್ಟ ಕೆಂಪು ಬಾಳೆಹಣ್ಣು, ಸೊಂಟದಲ್ಲಿ ಯಾರೋ ಗೂಟ ಹೊಡೆದು ಎಮ್ಮೆ ಕಟ್ಟಿದಂಥ ನೋವು. ಏನ್ರೀ ಅದು, ಬೆಳಿಗಿ ಎಣ್ಣಿ ಹೊಡಿಯೋ ಪಂಪೇನು, ಅಂತ ಕಂಡಕ್ಟರ್ ಕೇಳಿದಾಗ ಹೂಂ ಅಂದುಬಿಟ್ಟ, ಬೇರೆ ದಿನವಾಗಿದ್ದರೆ ಇದು ನೆಲದೊಳಗಿನ ಬಂಗಾರ ಕೆಮ್ಮಿದರೆ ಕೇಳಿಸುವ ಮಷಿನ್ನು ಅಂತ ಶುರು ಮಾಡಿ, ಬಹಮನಿ ಸುಲ್ತಾನನ ಆನೆ ನುಂಗಿದ ಹೊನ್ನನ್ನು ತಾನೇ ಅಗೆದು ತೆಗೆದದ್ದು, ಅದಕ್ಕಿನ್ನೂ ಲದ್ದಿಯ ವಾಸನೆ ಇದ್ದದ್ದು, ಎಲ್ಲ ಊರು ಮುಟ್ಟುವುದರೊಳಗೆ ಹೇಳಿ ಮುಗಿಸುತ್ತಿದ್ದ, ಈಗ ಬಾಯಿ ತೆರೆಯುವುದೇ ಒಂದು ಕೆಲಸ ಅನ್ನಿಸುತ್ತದೆ.

ಹಳೆಯ ವಾಡೆಗಳ ಅಂಗಳದಲ್ಲಿ ನಾಣ್ಯ ಎಲ್ಲಿರುತ್ತದೆ, ಮೊಳೆ ಇರುತ್ತದೆ, ಎತ್ತಿನ ಲಾಳ, ಸೋಡಾ ಬಾಟಲಿಯ ಮುಚ್ಚಳ, ಆದರೆ ಹಾಗಂದರೆ ಮನೆಯವರ ಮುಖ ಇಳಿಯುತ್ತದೆ, ಮುಖ ಇಳಿದ ಮನೆಯಲ್ಲಿ ರೊಟ್ಟಿ ಪುಂಡಿಪಲ್ಯ ಗಂಟಲಲ್ಲಿ ಇಳಿಯುವುದಿಲ್ಲ, ಅದಕ್ಕೇ ಚಪ್ಪಲಿಯ ತುದಿಗೆ ಒಂದು ಕಬ್ಬಿಣದ ತುಂಡು, ಅಂಗಿಯ ತೋಳಿನೊಳಗೆ ನಿಜಾಮನ ಕಾಲದ ಒಂದು ರೂಪಾಯಿ, ಗುಜರಿ ಅಂಗಡಿಯ ಮಲಂಗಸಾಬ ಇಂಥವನ್ನು ಡಬ್ಬಿಗಟ್ಟಲೆ ಇಟ್ಟಿದ್ದಾನೆ. ಮಷಿನ್ನನ್ನು ಚಪ್ಪಲಿಯ ಹತ್ತಿರ ತಂದರೆ ಕುಂಯ್, ಅಲ್ಲಿ ಅಗೆಯುವುದು, ಕೈ ಹಾಕುವುದು, ಸಿಕ್ಕದ್ದೇನೇ ಇರಲಿ ಜೇಬಿಗೆ, ತೋಳಿನ ರೂಪಾಯಿ ಮೇಲಕ್ಕೆ, ಎಲ್ಲರೂ ಹೋ. ಎಲ್ಲಿ ಅಗೆಯಬೇಕೆಂದು ಮನೆಯವರ ಕಣ್ಣೇ ಹೇಳುತ್ತದೆ. ಇವತ್ತು ವಿವೇಕಾನಂದನ ಕಣ್ಣು ಹಿತ್ತಲ ಬೇವಿನ ಗಿಡ ಬಿಟ್ಟು ಕದಲಲಿಲ್ಲ, ನಾಳಿ ಮುಂಜಾನಿ ಜೆಸಿಬಿ ಬರ್ತದ ಕಾಕಾ, ಹಿತ್ತಲ ಸಪಾಟ್ ಮಾಡಿ ಬಾಳಿಹಣ್ಣಿನ ಗೋದಾಮ ಕಟ್ಟಸ್ತೀನಿ, ಅದಕ್ಕಿಂತ ಮೊದ್ಲ ನೀವೊಮ್ಮಿ ನೋಡ್ರಿ, ನಮ್ಮ ಸ್ವಾದರತ್ತಿ ಆ ಗಿಡದ ಕಡಿ ಯಾರಿಗೂ ಬಿಡಂಗಿಲ್ಲ, ಏನೋ ಹುಗದಾಳ. ಆ ಸೋದರತ್ತೆ ನೀಲಗಂಗಮ್ಮ, ಎಳೆಯ ವಯಸ್ಸಿಗೇ ಗಂಡ ಸತ್ತು ತವರಿಗೆ ಬಂದವಳು, ಈಗ ಕೂದಲು ಹತ್ತಿಯಂತಾದವಳು, ಕಟ್ಟೆಯ ಮೇಲೆ ಕೂತು ಅಂದದ್ದು ಒಂದೇ ಮಾತು, ಎಲ್ಲಿ ಬೇಕಾದ್ರ ಅಗೀರಿ, ಬೇವಿನ ಬುಡಕ್ಕ ಹ್ವಾಗಬ್ಯಾಡ್ರಿ. ಹಾಗಂದ ಮೇಲೆ ಹೋಗದೆ ಇರುವುದು ಹೇಗೆ, ಚಪ್ಪಲಿ ಮುಂದಿಟ್ಟ, ಕುಂಯ್ ಅಂದಿತು, ಸರಿ, ಚಪ್ಪಲಿ ಹಿಂದಕ್ಕೆಳೆದ — ಕುಂಯ್ ನಿಲ್ಲಲಿಲ್ಲ. ಇಷ್ಟು ವರ್ಷದಲ್ಲಿ ಮಷಿನ್ನು ತಾನಾಗಿ ನಿಜ ಹೇಳಿದ್ದು ಅದೇ ಮೊದಲು. ಅಗೆದು ಕೈ ಹಾಕಿದರೆ ಬೆರಳಿಗೆ ತಣ್ಣಗೆ, ತೀರಾ ಸಣ್ಣಗೆ, ಕೂಸಿನ ಕಾಲಿಗೆ ಹಾಕುವ ಬೆಳ್ಳಿಯ ಎಳೆ, ಅದರಲ್ಲೊಂದು ಗೆಜ್ಜೆ, ಗೆಜ್ಜೆಯ ಬಾಯ್ತುಂಬ ಮಣ್ಣು. ಅವನು ನೋಡುತ್ತಲೇ ಇದ್ದ, ಕೈ ಮಾತ್ರ ತನ್ನ ರೂಢಿಯ ಕೆಲಸ ಮಾಡಿ ಮುಗಿಸಿತು, ಗೆಜ್ಜೆ ಜೇಬಿಗೆ, ರೂಪಾಯಿ ಮೇಲಕ್ಕೆ. ವಿವೇಕಾನಂದ ಕುಣಿದುಬಿಟ್ಟ, ಒಂದು ಸಿಕ್ಕದಂದ್ರ ಕೊಡಾನೇ ಅದ ಕಾಕಾ, ನಾಳಿ ಜೆಸಿಬಿ ಮೊದ್ಲ ಇಲ್ಲೇ ಹಚ್ತೀನಿ, ಅಂದವನೇ ಗುಂಡಿಯ ಮೇಲೆ ಹಗ್ಗದ ಹೊರಸು ಹಾಕಿಕೊಂಡು ಕಾವಲಿಗೆ ಕೂತ. ಇನ್ನು ವಾಪಸ್ಸು ಇಡುವುದೆಲ್ಲಿ. ಕೈ ತೊಳೆಯಲು ನೀಲಗಂಗಮ್ಮನೇ ತಂಬಿಗೆ ತಂದಳು, ನೀರು ಹಾಕುತ್ತ ಹಾಕುತ್ತ, ಯಪ್ಪಾ, ನನ್ನ ಕೂಸಿನ ಕಾಲಾಗಿಂದು ಅಲ್ಲೇ ಬಿಟ್ಟಿ ಹೌದಿಲ್ಲೋ, ತವರಿಗೆ ಬಂದು ಮೂರು ವರ್ಷಾದ ಮ್ಯಾಲ ಹುಟ್ಟಿದ ಕೂಸದು, ಅಲ್ಲೇ ಮಲಗ್ಯದ, ನಮ್ಮವ್ವಗ ಒಬ್ಬಾಕಿಗಿ ಗೊತ್ತಿತ್ತು, ಆಕೀನೂ ಹೋದ್ಳು, ಈಗ ನಿನಗ ಗೊತ್ತಾಯ್ತು. ಹೂಂ ಯವ್ವಾ, ಅಲ್ಲೇ ಅದ, ಅಂದ ದೌಲಪ್ಪ, ಆನೆಯಿಲ್ಲ, ಸುಲ್ತಾನನಿಲ್ಲ, ಅವನ ಬದುಕಿನಲ್ಲೇ ಅಷ್ಟು ಗಿಡ್ಡ ಸುಳ್ಳು ಇನ್ನೊಂದಿಲ್ಲ.

ಬಸ್ ಹತ್ತುವ ಮೊದಲು ಫೋನ್ ಮಾಡಿ ನಿಜ ಹೇಳಿ ನೋಡಿದ, ನಿಜ ಹೇಳಿ ರೂಢಿಯಿಲ್ಲ, ನಾಲಿಗೆ ತೊಡರಿತು, ವಿವೇಕಾನಂದಾ, ಆ ರೂಪಾಯಿ ನಂದೇ ಅದೋ, ತೋಳನ್ಯಾಗ ಇಟ್ಕೊಂಡು ಬಂದಿದ್ದೆ, ಅಲ್ಲೇನೂ ಇಲ್ಲ, ಬೇವಿನ ಗಿಡ ಬಿಟ್ಟುಬಿಡು. ಆ ಕಡೆ ನಕ್ಕು ನಕ್ಕು ಕೆಮ್ಮು, ಏ ಕಾಕಾ, ಆನಿ ಲದ್ದಿ ಕತಿನೇ ಛಲೋ ಇತ್ತು, ಇದು ಸ್ವಲ್ಪ ಸಪ್ಪಗದ, ಜೆಸಿಬಿ ಬರೋದ್ರಾಗ ನೀವೊಬ್ರೇ ಬಂದು ಅಗ್ಯಾವ್ರೇನು? ಹಾಗಾದರೆ ಸರ್ಪದ ಕಾವಲಿದೆ ಅನ್ನಲೇ, ಹಾವು ಹಿಡಿಯುವವನನ್ನು ಕರೆಸುತ್ತಾನೆ. ಆಳಂದದಲ್ಲಿ ಹೀಗೇ ಅಗೆದ ಜೆಸಿಬಿ ಡ್ರೈವರ್ ಇವತ್ತಿಗೂ ಹಿಂದಕ್ಕೆ ನಡೆಯುತ್ತಾನೆ ಅನ್ನಲೇ, ಆ ಡ್ರೈವರನನ್ನು ಹೋದ ವರ್ಷ ಇದೇ ಹುಡುಗನಿಗೆ ಕುರುಡ ಮಾಡಿ ಹೇಳಿಯಾಗಿದೆ. ನಂಬುವಂಥದ್ದು ಒಂದೇ ಉಳಿದಿದೆ, ಜೇಬಿನಲ್ಲಿದೆ, ತೆಗೆದು ಅವನ ಅಂಗೈಯಲ್ಲಿಟ್ಟರೆ ಸಾಕು, ಒಂದು ಮಾತೂ ಬೇಡ, ಜೆಸಿಬಿ ನಿಲ್ಲುತ್ತದೆ, ಆಮೇಲೆ ಅವನು ಕೇಳುತ್ತಾನೆ, ಯಾರದು ಕಾಕಾ, ಕೇಳಿ ಮೆಲ್ಲಗೆ ಕಟ್ಟೆಯ ಕಡೆ ತಿರುಗುತ್ತಾನೆ — ಇಲ್ಲ, ಬೇರೆ ಕತೆ, ಒಂದಾನೊಂದು ಕಾಲದಲ್ಲಿ ಆ ವಾಡೆಯಲ್ಲಿ ಒಬ್ಬ ರೋಹಿಲ್ಲ ಪಹರೆಯವನಿದ್ದ, ಅವನಿಗೊಂದು ಕುದುರೆ, ಕುದುರೆಯ ಕಾಲಿಗೆ — ಕಾಲಿಗೆ ಗೆಜ್ಜೆ, ಕಡಲೆಕಾಳಿನಷ್ಟು. ಬೇರೆ, ಒಬ್ಬ ಫಕೀರ, ಅವನ ಜೋಳಿಗೆಯಲ್ಲಿ — ಗೆಜ್ಜೆ. ಯಾವ ಕತೆಯ ಬಾಲ ಹಿಡಿದೆಳೆದರೂ ಅದೇ ಬರುತ್ತದೆ, ಹುಮನಾಬಾದ್ ರಿಂಗ್ ರೋಡ್ ಬಂತು, ಇಳಿದು ತಿರುಗಿ ಹೋಗಬೇಕೋ, ಹೋಗಿ ಏನನ್ನಬೇಕೋ, ಸೊಂಟ ಏಳಗೊಡಲಿಲ್ಲ, ಕೈ ಯಾವಾಗ ಜೇಬಿಗೆ ಹೋಯಿತೋ, ಉಗುರು ಯಾವಾಗಿನಿಂದ ಆ ಮಣ್ಣನ್ನು ಕೆರೆಯುತ್ತಿತ್ತೋ, ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ, ಜೇಬಿನಲ್ಲಿ ಝಣ್ ಅಂದಿತು, ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗು ಸರಿಮಾಡಿಕೊಂಡು, ಅಯ್ಯ, ಯಾರ ಕೂಸದ ಇಲ್ಲಿ, ಅಂತ ಸೀಟಿನ ಕೆಳಗೆ ಬಗ್ಗಿ ಹುಡುಕಿದಳು, ಕೆಳಗೆ ಯಾರೂ ಇರಲಿಲ್ಲ, ದೌಲಪ್ಪನ ಉಗುರಿನಲ್ಲಿ ಕರಿಮಣ್ಣು, ಮುಷ್ಟಿಯಲ್ಲಿ ಗೆಜ್ಜೆ, ಬಾಯಿ ಬಿಟ್ಟ ಗೆಜ್ಜೆ.